ಮ್ಯೂಸಿಯಂ, ಪತ್ರಾಗಾರದ ಡೇಟಾ ತೆರೆದಿಟ್ಟು ಡೆವಲಪರ್‌ಗಳನ್ನು ಕರೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

‘ನಮ್ಮ ಸಂಗ್ರಹದ ಡೇಟಾ ಈಗ ಎಲ್ಲರಿಗೂ ಮುಕ್ತ’ ಎಂದು ಘೋಷಿಸಿದ ಮಾತ್ರಕ್ಕೆ ಯಾರೂ ಬಂದು ಅದರಿಂದ ಏನನ್ನೂ ಕಟ್ಟುವುದಿಲ್ಲ. ಎಪಿಐ (ಪ್ರೋಗ್ರಾಂಗಳು ಡೇಟಾವನ್ನು ನೇರವಾಗಿ ಕೇಳಿ ಪಡೆಯುವ ಕಿಂಡಿ) ಒಂದಿದ್ದರೆ ಡೆವಲಪರ್‌ಗಳು ತಾವಾಗಿ ಬರುತ್ತಾರೆ ಎಂದು ಬಹಳಷ್ಟು ಸಂಸ್ಥೆಗಳು ನಂಬಿವೆ. ನಿಜಕ್ಕೂ ಹೊಸಬರು ಉಳಿಯುತ್ತಾರೋ ಹೊರಟುಹೋಗುತ್ತಾರೋ ಎನ್ನುವುದು ಮೊದಲ ಹದಿನೈದು ನಿಮಿಷದಲ್ಲೇ ತೀರ್ಮಾನವಾಗುತ್ತದೆ. ಕಡತ ಸರಿಯಾಗಿ ತೆರೆಯಿತೇ? ಕಾಲಂಗಳ ಅರ್ಥ ತಿಳಿಯಿತೇ? ಒಂದು ಚಿತ್ರವಾದರೂ ಪರದೆಯ ಮೇಲೆ ಬಂತೇ? ಬಳಸಲು ಅನುಮತಿ ಇದೆಯೆಂಬುದು ಖಾತ್ರಿಯಾಯಿತೇ? ಈ ನಾಲ್ಕಕ್ಕೂ ಹೌದು ಎನ್ನುವಂತೆ ಮಾಡಿದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

ಇಲ್ಲಿರುವ ಹಂತಗಳು ಸಣ್ಣ ತಂಡಕ್ಕೆ ಹೊಂದುವಂಥವು. ಸಂಗ್ರಹವನ್ನು ಬಲ್ಲವರು ಒಬ್ಬರು, ಡೇಟಾ ಪರಿಷ್ಕರಿಸಬಲ್ಲವರು ಒಬ್ಬರು, ಹಕ್ಕುಗಳ ಬಗ್ಗೆ ನಿರ್ಧಾರ ಹೇಳುವ ಅಧಿಕಾರ ಇರುವವರು ಒಬ್ಬರು ಇರಲೇಬೇಕು. ಮೂರನೆಯವರಿಲ್ಲದೆ ಹೊರಟರೆ ಎಲ್ಲ ಸಿದ್ಧವಾದ ಮೇಲೆ ಕೊನೆಯ ವಾರದಲ್ಲಿ ಕೆಲಸ ನಿಂತುಬಿಡುತ್ತದೆ.

ಹಂತ 1: ಒಂದು ಗುಚ್ಛ ಆರಿಸಿಕೊಳ್ಳಿ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರ ಫೆಬ್ರುವರಿಯಲ್ಲಿ ಸುಮಾರು 3,75,000 ಚಿತ್ರಗಳನ್ನು ಮುಕ್ತವಾಗಿಸಿತು. ಸ್ಮಿತ್‌ಸೋನಿಯನ್ 2020ರ ಫೆಬ್ರುವರಿಯಲ್ಲಿ 28 ಲಕ್ಷ ಚಿತ್ರಗಳನ್ನು ಹೊರತಂದಿತು. ಈ ಅಂಕಿಗಳನ್ನು ನೋಡಿ ಇಡೀ ಸಂಗ್ರಹವನ್ನು ಒಂದೇ ಸಲ ಹೊರಗಿಡಲು ಹೋಗಬೇಡಿ. ಮೊದಲ ಸಲಕ್ಕೆ 2,000ದಿಂದ 5,000 ವಸ್ತುಗಳು ಧಾರಾಳ. ಪ್ರತಿ ವಸ್ತುವಿಗೂ ಚಿತ್ರವಿರಲಿ, ಹಕ್ಕಿನ ಸ್ಥಿತಿ ಸ್ಪಷ್ಟವಿರಲಿ, ಕಾಲ ಮತ್ತು ಸ್ಥಳದ ಮಾಹಿತಿ ಚೆನ್ನಾಗಿ ತುಂಬಿರಲಿ. ಭೂಪಟಗಳು, ಭಿತ್ತಿಪತ್ರಗಳು, ಸಸ್ಯಚಿತ್ರಗಳು, ನಾಣ್ಯಗಳಂಥ ಒಂದೇ ಜಾತಿಯ ವಸ್ತುಗಳ ಗುಚ್ಛವಾದರೆ ಇನ್ನೂ ಒಳ್ಳೆಯದು. ಎಲ್ಲ ಸಾಲುಗಳಲ್ಲೂ ಒಂದೇ ಬಗೆಯ ವಿವರವಿರುವುದರಿಂದ ಹೋಲಿಸುವ, ಎಣಿಸುವ ಪ್ರಯೋಗಗಳು ಸಲೀಸಾಗುತ್ತವೆ.

ಆರಿಸುವ ಮುನ್ನ ಒಂದು ಲೆಕ್ಕ ಹಾಕಿ: ಪ್ರತಿ ಕಾಲಂನಲ್ಲಿ ಶೇಕಡಾ ಎಷ್ಟು ಸಾಲುಗಳು ತುಂಬಿವೆ? ಸ್ಥಳದ ಕಾಲಂ ಶೇ 12ರಷ್ಟು ಮಾತ್ರ ತುಂಬಿದ್ದರೆ ‘ನಕ್ಷೆ ಮಾಡಿ’ ಎಂದು ಜನರನ್ನು ಕರೆಯುವುದು ಅನ್ಯಾಯ. ಈ ಪಟ್ಟಿಯನ್ನು ಮುಂದೆ ಡೇಟಾ ಜೊತೆಯಲ್ಲೇ ಪ್ರಕಟಿಸಿ.

ಪತ್ರಾಗಾರಗಳಿಗೆ ಇಲ್ಲಿ ಇನ್ನೊಂದು ತೊಡಕಿದೆ. ಮ್ಯೂಸಿಯಂ ದಾಖಲೆ ಸಾಮಾನ್ಯವಾಗಿ ತನ್ನಷ್ಟಕ್ಕೆ ತಾನು ಅರ್ಥ ಕೊಡುತ್ತದೆ. ಪತ್ರಾಗಾರದ ದಾಖಲೆ ಹಾಗಲ್ಲ. ಸಂಗ್ರಹ, ಸರಣಿ, ಕಡತ, ಬಿಡಿ ಹಾಳೆ ಎಂಬ ಏಣಿಯ ಕೆಳಮೆಟ್ಟಿಲಲ್ಲಿ ‘ಪತ್ರಗಳು, 1921’ ಎಂದಷ್ಟೇ ಇರುತ್ತದೆ. ಯಾರ ಪತ್ರ, ಯಾರಿಗೆ ಬರೆದದ್ದು ಎಂಬುದು ಮೇಲಿನ ಮೆಟ್ಟಿಲಲ್ಲಿದೆ. ಹಾಗಾಗಿ ರಫ್ತು ಮಾಡುವಾಗ ಪ್ರತಿ ಸಾಲಿನಲ್ಲೂ ತಾಯಿ-ದಾಖಲೆಯ ಗುರುತನ್ನೂ, ಮೇಲಿನಿಂದ ಕೆಳಗಿನವರೆಗಿನ ಎಲ್ಲ ಶೀರ್ಷಿಕೆಗಳನ್ನು ಕೂಡಿಸಿದ ಒಂದು ಕಾಲಂ ಅನ್ನೂ ಕೊಡಿ. ಇಎಡಿ ಎಕ್ಸ್‌ಎಂಎಲ್ (ಪತ್ರಾಗಾರದ ವಿವರಣೆಗಳಿಗೆ ಬಳಸುವ ಪ್ರಮಾಣಿತ ಕಡತ ರೂಪ) ಇದ್ದರೆ ಅದನ್ನೂ ಕೊಡಿ. ಆದರೆ ಅದೊಂದನ್ನೇ ಕೊಟ್ಟರೆ ಹೆಚ್ಚಿನವರು ತೆರೆದು ನೋಡಿ ಮುಚ್ಚಿಬಿಡುತ್ತಾರೆ.

ಹಂತ 2: ಹಕ್ಕುಗಳನ್ನು ಮೂರು ಪದರಗಳಾಗಿ ನೋಡಿ

ಮೊದಲನೆಯದು ವಸ್ತುವಿನ ಹಕ್ಕುಸ್ವಾಮ್ಯ, ಎರಡನೆಯದು ಅದರ ಛಾಯಾಚಿತ್ರದ್ದು, ಮೂರನೆಯದು ನಿಮ್ಮ ಸಿಬ್ಬಂದಿ ಬರೆದ ವಿವರಣೆಯದ್ದು. ಇವು ಮೂರನ್ನೂ ಬೇರೆ ಬೇರೆಯಾಗಿ ತೀರ್ಮಾನಿಸಬೇಕು.

ವಿವರಣೆಯ ಡೇಟಾಗೆ (ಮೆಟಾಡೇಟಾ) ಸಿಸಿ ಝೀರೋ, ಅಂದರೆ ಎಲ್ಲ ಹಕ್ಕನ್ನೂ ಬಿಟ್ಟುಕೊಡುವ ಘೋಷಣೆ, ಉತ್ತಮ. ಯುರೋಪಿನ ಸಾಂಸ್ಕೃತಿಕ ಸಂಗ್ರಹಗಳ ಜಾಲತಾಣ ಯುರೋಪಿಯಾನಾ 2012ರಲ್ಲೇ ತನ್ನ ಇಡೀ ಮೆಟಾಡೇಟಾವನ್ನು ಸಿಸಿ ಝೀರೋ ಅಡಿ ತಂದಿತು. ಹೆಸರು ಹೇಳಲೇಬೇಕೆಂಬ ಷರತ್ತಿನ ಪರವಾನಗಿ ಹಾಕಿದರೆ, ಹತ್ತು ಸಂಸ್ಥೆಗಳ ಡೇಟಾ ಬೆರೆಸುವವರು ಪ್ರತಿ ಸಾಲಿಗೂ ಹತ್ತು ಹೆಸರು ಹೊತ್ತು ತಿರುಗಬೇಕಾಗುತ್ತದೆ. ಸಿಸಿ ಝೀರೋ ಕೊಟ್ಟು, ‘ಸಾಧ್ಯವಾದರೆ ಹೀಗೆ ಉಲ್ಲೇಖಿಸಿ’ ಎಂಬ ಒಂದು ಸಿದ್ಧ ಸಾಲನ್ನು ಕೊಡಿ. ನಕಲಿಸಿ ಅಂಟಿಸಲು ಸಾಲು ಸಿಕ್ಕರೆ ಜನ ಖುಷಿಯಿಂದ ಹಾಕುತ್ತಾರೆ.

ಹಕ್ಕುಸ್ವಾಮ್ಯ ಮುಗಿದ ಚಪ್ಪಟೆ ಕೃತಿಯ ನಿಷ್ಠ ಪ್ರತಿಯ ಮೇಲೆ ಹೊಸ ಹಕ್ಕು ಹೇರದಿರುವುದು ಒಳ್ಳೆಯದು. ಐರೋಪ್ಯ ಒಕ್ಕೂಟದ 2019ರ ಹಕ್ಕುಸ್ವಾಮ್ಯ ನಿರ್ದೇಶನದ 14ನೇ ವಿಧಿ ಇದನ್ನೇ ಹೇಳುತ್ತದೆ. ವಾಣಿಜ್ಯ ಬಳಕೆ ಸಲ್ಲದು ಎಂಬ ಷರತ್ತು ಸುರಕ್ಷಿತ ಅನ್ನಿಸಬಹುದು. ಆದರೆ ಆ ಚಿತ್ರಗಳನ್ನು ವಿಕಿಪೀಡಿಯ ಬಳಗದ ಚಿತ್ರಭಂಡಾರ ವಿಕಿಮೀಡಿಯ ಕಾಮನ್ಸ್ ಸ್ವೀಕರಿಸುವುದಿಲ್ಲ. ಜಾಹೀರಾತಿರುವ ಪುಟ ವಾಣಿಜ್ಯವೋ ಅಲ್ಲವೋ ಎಂದು ಪ್ರಾಮಾಣಿಕ ಬಳಕೆದಾರರು ಹಿಂಜರಿಯುತ್ತಾರೆ.

ಸ್ಥಿತಿ ತಿಳಿಯದ ವಸ್ತುಗಳಿಗೆ ರೈಟ್ಸ್‌ಸ್ಟೇಟ್‌ಮೆಂಟ್ಸ್‌ನ 12 ಪ್ರಮಾಣಿತ ಹೇಳಿಕೆಗಳಲ್ಲಿ ಒಂದನ್ನು ಬಳಸಿ. ಹಕ್ಕಿನ ಮಾಹಿತಿ ಸಾಲುಸಾಲಿಗೂ ಇರಬೇಕು, ಅದೂ ಯಂತ್ರ ಓದಬಲ್ಲ ಕೊಂಡಿಯ ರೂಪದಲ್ಲಿ. ಪುಟದ ತಳದಲ್ಲಿ ‘ಕೆಲವು ಚಿತ್ರಗಳಿಗೆ ನಿರ್ಬಂಧ ಅನ್ವಯಿಸುತ್ತದೆ’ ಎಂದು ಬರೆದರೆ ಎಲ್ಲ ಚಿತ್ರಗಳಿಗೂ ನಿರ್ಬಂಧ ಹಾಕಿದಂತೆಯೇ.

ಹಂತ 3: ಹೊರಗೆ ಹೋಗಬಾರದ್ದನ್ನು ತೆಗೆಯಿರಿ

ದಾನಿಗಳ ವಿಳಾಸ, ವಿಮಾ ಮೌಲ್ಯ, ಗೋದಾಮಿನ ಕಪಾಟಿನ ಸಂಖ್ಯೆ, ಸಿಬ್ಬಂದಿಯ ಒಳ ಟಿಪ್ಪಣಿ, ಉತ್ಖನನ ಸ್ಥಳದ ನಿಖರ ಅಕ್ಷಾಂಶ-ರೇಖಾಂಶ ಇವೆಲ್ಲ ಹೊರಗೆ ಹೋಗಬಾರದು. ಸ್ಥಳ ನಿಖರವಾಗಿ ತಿಳಿದರೆ ಕಳ್ಳ ಅಗೆತಕ್ಕೆ ದಾರಿ ತೋರಿಸಿದ ಹಾಗಾಗುತ್ತದೆ. ಮಾನವ ಅವಶೇಷಗಳು, ಪವಿತ್ರ ವಸ್ತುಗಳು, ಒಂದು ಸಮುದಾಯ ತನ್ನೊಳಗೇ ಇಟ್ಟುಕೊಂಡ ಅರಿವು ಇವುಗಳ ವಿಷಯದಲ್ಲಿ ಕಾನೂನಿನ ಹಕ್ಕು ಮುಗಿದಿದೆ ಎಂಬುದಷ್ಟೇ ಸಾಲದು. ಆ ಸಮುದಾಯದೊಂದಿಗೆ ಮಾತಾಡುವವರೆಗೆ ಅವನ್ನು ಗುಚ್ಛದಿಂದ ಹೊರಗಿಡಿ. ಲೋಕಲ್ ಕಾಂಟೆಕ್ಸ್ಟ್ಸ್ ಸಂಸ್ಥೆ ರೂಪಿಸಿರುವ ಸಾಂಪ್ರದಾಯಿಕ ಜ್ಞಾನದ ಲೇಬಲ್‌ಗಳು ಇಂಥ ಸಂದರ್ಭಕ್ಕೆಂದೇ ಇವೆ.

ಹೆಚ್ಚಿನವರು ಕೈ ಸುಟ್ಟುಕೊಳ್ಳುವ ಜಾಗ ಒಂದಿದೆ. ಪೂರ್ತಿ ಕಡತವನ್ನು ಗಿಟ್‌ಹಬ್‌ಗೆ (ಗಿಟ್ ಎಂಬ ಆವೃತ್ತಿ ದಾಖಲಿಸುವ ವ್ಯವಸ್ಥೆಯ ಮೂಲಕ ಕೋಡ್, ಕಡತ ಹಂಚುವ ತಾಣ) ಏರಿಸಿ, ಆಮೇಲೆ ತಪ್ಪು ಕಂಡು ಕಾಲಂ ಅಳಿಸಿದರೂ ಗಿಟ್‌ನ ಇತಿಹಾಸದಲ್ಲಿ ಹಳೆಯ ಪ್ರತಿ ಹಾಗೇ ಉಳಿದಿರುತ್ತದೆ. ಯಾರು ಬೇಕಾದರೂ ಹಿಂದಕ್ಕೆ ಹೋಗಿ ನೋಡಬಹುದು. ಆದ್ದರಿಂದ ಮೊದಲ ಕಮಿಟ್‌ಗೆ (ಗಿಟ್‌ನಲ್ಲಿ ಕಡತ ದಾಖಲಿಸುವುದಕ್ಕೆ) ಮುನ್ನವೇ ಸೋಸಿ. ಸೋಸುವಾಗ ‘ಇವನ್ನು ತೆಗೆ’ ಎಂಬ ಪಟ್ಟಿ ಬೇಡ, ‘ಇವನ್ನು ಮಾತ್ರ ಬಿಡು’ ಎಂಬ ಪಟ್ಟಿ ಇರಲಿ. ನಾಳೆ ಯಾರೋ ಮೂಲ ಡೇಟಾಬೇಸಿಗೆ ಹೊಸ ಗುಟ್ಟಿನ ಕಾಲಂ ಸೇರಿಸಿದರೂ ಅದು ತಾನಾಗಿ ಹೊರಗೆ ಸೋರುವುದಿಲ್ಲ.

ಹಂತ 4: ರಫ್ತು ಮತ್ತು ಪರಿಷ್ಕರಣೆ

ಅತಿ ಹೆಚ್ಚು ಸಮಯ ಹಿಡಿಯುವ ಹಂತ ಇದು. ಹಿಡಿಯಬೇಕು ಕೂಡ.

ಅಕ್ಸೆಶನ್ ನಂಬರ್‌ನಿಂದ (ವಸ್ತು ಸಂಗ್ರಹಕ್ಕೆ ಸೇರಿದಾಗ ಕೊಡುವ ಸಂಖ್ಯೆ) ಶುರುಮಾಡಿ. 1912.50 ಎಂಬ ಸಂಖ್ಯೆಯ ವಸ್ತು ಇದೆ ಅನ್ನಿ. ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಸುಮ್ಮನೆ ಸೇವ್ ಮಾಡಿದರೆ ಅದು 1912.5 ಆಗುತ್ತದೆ. ಈಗ ಅದೇ ಪಟ್ಟಿಯಲ್ಲಿರುವ ನಿಜವಾದ 1912.5ಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಎರಡು ವಸ್ತುಗಳು ಒಂದಾಗಿಬಿಟ್ಟವು. 0047 ಎಂಬುದು 47 ಆಗುತ್ತದೆ, 3-12 ಎಂಬುದು ದಿನಾಂಕವಾಗುತ್ತದೆ. ಪೈಥಾನ್‌ನ ಪಾಂಡಾಸ್ (ಡೇಟಾ ಓದಿ ವಿಶ್ಲೇಷಿಸುವ ಉಪಕರಣ) ಕೂಡ ಹೇಳದಿದ್ದರೆ 1912.50 ಅನ್ನು ಸಂಖ್ಯೆಯೆಂದೇ ಓದುತ್ತದೆ. ಹಾಗಾಗಿ ಡೇಟಾಬೇಸಿನಿಂದ ಸ್ಕ್ರಿಪ್ಟ್ ಮೂಲಕವೇ ರಫ್ತು ಮಾಡಿ, ನಡುವೆ ಎಕ್ಸೆಲ್ ಬರದಿರಲಿ. ಗುರುತಿನ ಕಾಲಂಗಳನ್ನು ಪಠ್ಯವಾಗಿ ಓದಿ ಎಂದು ವಿವರಣಾ ಕಡತದಲ್ಲಿ ಬರೆಯಿರಿ. ಅಕ್ಸೆಶನ್ ನಂಬರ್ ಎಷ್ಟೋ ಕಡೆ ಕಾಲಾಂತರದಲ್ಲಿ ಬದಲಾಗುತ್ತದೆ, ಒಮ್ಮೊಮ್ಮೆ ಎರಡು ವಸ್ತುಗಳಿಗೆ ಒಂದೇ ಇರುತ್ತದೆ. ಆದ್ದರಿಂದ ಎಂದೂ ಬದಲಾಗದ, ಮರುಬಳಕೆಯಾಗದ ಪ್ರತ್ಯೇಕ ಗುರುತು ಸಂಖ್ಯೆ ಬೇಕೇ ಬೇಕು.

ಕಾಲಕ್ಕೆ ಮೂರು ಕಾಲಂ ಕೊಡಿ. ‘19ನೇ ಶತಮಾನದ ಉತ್ತರಾರ್ಧ’ ಎಂದು ಸಂಗ್ರಹಪಾಲಕರು ಬರೆದದ್ದು ಹಾಗೇ ಇರಲಿ. ಪಕ್ಕದಲ್ಲಿ ಆರಂಭದ ವರ್ಷ 1851, ಅಂತ್ಯದ ವರ್ಷ 1900 ಎಂದು ಸಂಖ್ಯೆಯಾಗಿ ಕೊಡಿ. ಮೆಟ್ರೊಪಾಲಿಟನ್ ಮ್ಯೂಸಿಯಂನ ಡೇಟಾದಲ್ಲೂ ಇದೇ ವ್ಯವಸ್ಥೆಯಿದೆ. ‘ಸುಮಾರು 1850’ಕ್ಕೆ ಎಷ್ಟು ವರ್ಷ ಆಚೀಚೆ ಎಂಬ ನಿಯಮವನ್ನು ನೀವೇ ಮಾಡಿ, ಬರೆದಿಡಿ. ಕಾಲ ತಿಳಿಯದಿದ್ದರೆ ಖಾಲಿ ಬಿಡಿ, 0 ಹಾಕಬೇಡಿ. ಹಾಕಿದರೆ ಕಾಲರೇಖೆಯಲ್ಲಿ ನೂರಾರು ವಸ್ತುಗಳು ಸೊನ್ನೆಯ ಮೇಲೆ ಒಂದು ದೊಡ್ಡ ಕಂಬವಾಗಿ ನಿಲ್ಲುತ್ತವೆ. ಕ್ರಿಸ್ತಪೂರ್ವದ ವರ್ಷಗಳಲ್ಲಿ ಇನ್ನೊಂದು ಬಲೆ ಇದೆ: ದಿನಾಂಕ ಬರೆಯುವ ಅಂತಾರಾಷ್ಟ್ರೀಯ ಮಾನಕ ಐಎಸ್‌ಒ 8601ರಲ್ಲಿ ಸೊನ್ನೆಯ ವರ್ಷ ಉಂಟು, ಹಾಗಾಗಿ ಅಲ್ಲಿ ಕ್ರಿ.ಪೂ. 500 ಎಂದರೆ -499. ನಿಮ್ಮ ಕಡತದಲ್ಲಿ -500 ಎಂದಿದ್ದರೆ ಯಾವ ಲೆಕ್ಕ ಎಂದು ಹೇಳಿ.

ಒಂದೇ ಕೋಶದಲ್ಲಿ ಹಲವು ಹೆಸರುಗಳಿದ್ದರೆ ನೆಟ್ಟಗಿನ ಗೀಟಿನಿಂದ ಬೇರ್ಪಡಿಸಿ. ಅಲ್ಪವಿರಾಮ ಹೆಸರಿನೊಳಗೇ ಬರುವುದರಿಂದ ಅದು ಕೆಲಸಕ್ಕೆ ಬಾರದು. ಮೂವರು ಕಲಾವಿದರಿದ್ದು ಇಬ್ಬರ ಪಾತ್ರವಷ್ಟೇ ಗೊತ್ತಿದ್ದರೆ ಪಾತ್ರದ ಕಾಲಂನಲ್ಲೂ ಮೂರು ಸ್ಥಾನ ಉಳಿಸಿ, ಖಾಲಿಯದ್ದನ್ನು ಖಾಲಿಯಾಗಿಯೇ ಬಿಡಿ. ಇಲ್ಲವಾದರೆ ಮುದ್ರಕನ ಪಾತ್ರ ಚಿತ್ರಕಾರನಿಗೆ ಅಂಟಿಕೊಳ್ಳುತ್ತದೆ.

ಅಳತೆಯನ್ನೂ ಒಡೆದು ಕೊಡಿ: ಎತ್ತರ, ಅಗಲ, ಆಳ, ಎಲ್ಲವೂ ಒಂದೇ ಮಾನದಲ್ಲಿ. ಚೌಕಟ್ಟು ಸೇರಿದೆಯೋ ಇಲ್ಲವೋ ಎಂಬುದಕ್ಕೆ ಬೇರೆ ಕಾಲಂ.

ಹೆಸರುಗಳ ಕಾಗುಣಿತ ಒಂದಾಗಿಸಲು ಓಪನ್‌ರಿಫೈನ್ ಎಂಬ ಡೇಟಾ ಶುಚಿಗೊಳಿಸುವ ಉಪಕರಣ ಬಳಸಿ. ಅದರ ಕ್ಲಸ್ಟರ್ ಸೌಲಭ್ಯ ‘ಅಜ್ಞಾತ’, ‘ಅಜ್ಞಾತ.’, ‘ ಅಜ್ಞಾತ’ ಇವನ್ನೆಲ್ಲ ಒಟ್ಟಿಗೆ ಹಿಡಿದು ತೋರಿಸುತ್ತದೆ. ಒಪ್ಪುವ ಮುನ್ನ ಪ್ರತಿ ಗುಂಪನ್ನೂ ಕಣ್ಣಿಂದ ನೋಡಿ. ತಂದೆ-ಮಗ ಒಂದೇ ಹೆಸರಿನ ಕಲಾವಿದರಾಗಿದ್ದರೆ ಯಂತ್ರ ಇಬ್ಬರನ್ನೂ ಒಬ್ಬರನ್ನಾಗಿಸುತ್ತದೆ. ಅದೇ ಉಪಕರಣದಿಂದ ಹೆಸರುಗಳನ್ನು ವಿಕಿಪೀಡಿಯ ಬಳಗದ ಮುಕ್ತ ಡೇಟಾಬೇಸ್ ವಿಕಿಡೇಟಾದ ಗುರುತಿಗೂ, ಗೆಟ್ಟಿ ಸಂಸ್ಥೆಯ ಕಲಾ ಪದಕೋಶಗಳ ಗುರುತಿಗೂ ಜೋಡಿಸಬಹುದು. ಒಂದು ವಿಕಿಡೇಟಾ ಕಾಲಂ ಇದ್ದರೆ ಕಲಾವಿದರ ಹುಟ್ಟೂರು, ಜೀವಿತಾವಧಿ, ಬೇರೆ ಮ್ಯೂಸಿಯಂಗಳಲ್ಲಿರುವ ಕೃತಿಗಳು ಎಲ್ಲಕ್ಕೂ ಡೆವಲಪರ್‌ಗಳಿಗೆ ದಾರಿ ತೆರೆಯುತ್ತದೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವ ಕೆಲಸ ಈ ಪಟ್ಟಿಯಲ್ಲಿ ಬೇರೊಂದಿಲ್ಲ.

ಕಡತ ಯುಟಿಎಫ್-8 ಎಂಬ ಅಕ್ಷರ ಸಂಕೇತನದಲ್ಲಿರಲಿ, ಯುನಿಕೋಡ್ ರೂಪ ಎನ್‌ಎಫ್‌ಸಿ (ಒಂದೇ ಅಕ್ಷರವನ್ನು ಎಲ್ಲೆಡೆ ಒಂದೇ ಬಗೆಯಲ್ಲಿ ಕೋಡ್ ಮಾಡುವ ನಿಯಮ) ಆಗಿರಲಿ. ಕನ್ನಡದ ‘ಕೊ’ ಅಕ್ಷರವನ್ನೇ ತೆಗೆದುಕೊಳ್ಳಿ. ಕ ಜೊತೆ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಕೋಡ್ ಮಾಡಬಹುದು, ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳಾಗಿಯೂ ಮಾಡಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ಎನ್‌ಎಫ್‌ಸಿಗೆ ತಂದರೆ ಎರಡೂ ಒಂದಾಗುತ್ತವೆ.

ಹಂತ 5: ಚಿತ್ರಗಳು

ಪ್ರತಿ ವಸ್ತುವಿನ ಸಾಲಿನಲ್ಲೇ ಚಿತ್ರದ ನೇರ ಕೊಂಡಿ ಇರಬೇಕು. ಅದನ್ನು ಒತ್ತಿದರೆ ಚಿತ್ರ ಸುತ್ತಲಿನ ಪುಟವಿಲ್ಲದೆ ತೆರೆಯಬೇಕು. ನೂರು ಮೆಗಾಬೈಟಿನ ಟಿಫ್ ಕಡತದ ಕೊಂಡಿ ಮಾತ್ರ ಇದ್ದರೆ ಪ್ರಯೋಗ ಅಲ್ಲೇ ನಿಲ್ಲುತ್ತದೆ. ಅಗಲ 800 ಪಿಕ್ಸೆಲ್ ಆಸುಪಾಸಿನ ಜೆಪೆಗ್ ಒಂದು, ಪೂರ್ಣ ಗಾತ್ರದ್ದು ಒಂದು ಕೊಡಿ. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ತನ್ನ ಬಳಕೆದಾರರಿಗೆ 843 ಪಿಕ್ಸೆಲ್ ಅಗಲವನ್ನೇ ಸೂಚಿಸುತ್ತದೆ. ಎಲ್ಲರೂ ಒಂದೇ ಗಾತ್ರ ಕೇಳಿದರೆ ಕ್ಯಾಶ್‌ನಿಂದಲೇ (ಮೊದಲೇ ಉಳಿಸಿಟ್ಟ ಪ್ರತಿಯಿಂದ) ಉತ್ತರ ಹೋಗುತ್ತದೆ, ಸರ್ವರ್‌ಗೆ ಹೊರೆ ಬೀಳುವುದಿಲ್ಲ.

ಸಾಧ್ಯವಿದ್ದರೆ ಐಐಐಎಫ್ ಎಂಬ ಚಿತ್ರ ಹಂಚಿಕೆಯ ಮಾನಕ ಅಳವಡಿಸಿ. ಇದರಲ್ಲಿ ಚಿತ್ರದ ವಿಳಾಸವೇ ಆಜ್ಞೆ. ಗುರುತಿನ ನಂತರ ಪ್ರದೇಶ, ಗಾತ್ರ, ತಿರುವು, ಗುಣ ಎಂಬ ಕ್ರಮದಲ್ಲಿ ತುಂಡುಗಳು ಬರುತ್ತವೆ. ಪ್ರದೇಶದ ಜಾಗದಲ್ಲಿ ‘1000,500,600,400’ ಎಂದು ಬರೆದರೆ ಎಡದಿಂದ 1000, ಮೇಲಿನಿಂದ 500 ಪಿಕ್ಸೆಲ್ ಬಿಟ್ಟು, 600 ಅಗಲ 400 ಎತ್ತರದ ತುಣುಕು ಬರುತ್ತದೆ. ಚಿತ್ರದ ಮೂಲೆಯಲ್ಲಿರುವ ಸಹಿಯನ್ನು ಮಾತ್ರ ಕತ್ತರಿಸಿ ಸಾವಿರ ಕೃತಿಗಳ ಸಹಿಗಳನ್ನು ಪಕ್ಕಪಕ್ಕ ಇಡುವಂಥ ಪ್ರಯೋಗ ಒಂದು ಚಿತ್ರವನ್ನೂ ಪೂರ್ತಿ ಇಳಿಸಿಕೊಳ್ಳದೆ ಸಾಧ್ಯವಾಗುತ್ತದೆ. ಗಾತ್ರದ ಜಾಗದಲ್ಲಿ ‘843,’ ಎಂದು ಬರೆಯುವಾಗ ಕೊನೆಯ ಅಲ್ಪವಿರಾಮ ಮರೆಯಬಾರದು. ಐಐಐಎಫ್‌ನ ಮೂರನೇ ಆವೃತ್ತಿಯಲ್ಲಿ ಮೂಲ ಚಿತ್ರವೇ 843ಕ್ಕಿಂತ ಚಿಕ್ಕದಾಗಿದ್ದರೆ ದೋಷ ಬರುತ್ತದೆ, ಏಕೆಂದರೆ ಹಿಗ್ಗಿಸಲು ಬೇರೆ ಚಿಹ್ನೆ ಬೇಕು. ಸರ್ವರ್ ನಡೆಸುವ ಶಕ್ತಿಯಿಲ್ಲದವರು ಲಿಬ್‌ವಿಪ್ಸ್ ಎಂಬ ಚಿತ್ರ ಸಂಸ್ಕರಣೆಯ ತಂತ್ರಾಂಶದಿಂದ ಚಿತ್ರದ ಬಿಲ್ಲೆಗಳನ್ನು ಮೊದಲೇ ಕತ್ತರಿಸಿ ಸಾಧಾರಣ ವೆಬ್ ಜಾಗದಲ್ಲಿ ಇಡಬಹುದು. ಆಗ ಮೊದಲೇ ಮಾಡಿಟ್ಟ ಗಾತ್ರಗಳಷ್ಟೇ ಸಿಗುತ್ತವೆ.

ಕಾರ್ಸ್ ಹೆಡರ್ (ಬೇರೆ ತಾಣಗಳೂ ಈ ಡೇಟಾ ಬಳಸಬಹುದೆಂದು ಸರ್ವರ್ ಬ್ರೌಸರ್‌ಗೆ ತಿಳಿಸುವ ಸಾಲು) ಹಾಕುವುದನ್ನು ಮರೆತರೆ ನಿಮ್ಮ ಯಂತ್ರದಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಹೊರಗಿನವರ ವೆಬ್ ಪುಟದಲ್ಲಿ ಮಾತ್ರ ಬ್ರೌಸರ್ ಡೇಟಾವನ್ನು ತಡೆಯುತ್ತದೆ. ‘ನಿಮ್ಮ ಎಪಿಐ ಕೆಲಸ ಮಾಡುತ್ತಿಲ್ಲ’ ಎಂಬ ದೂರು ಬಂದರೆ ಮೊದಲು ನೋಡಬೇಕಾದ್ದು ಇದನ್ನೇ. ಎಲ್ಲ ಮೂಲಗಳಿಗೂ, ಅಂದರೆ ಕೇಳುವ ಎಲ್ಲ ತಾಣಗಳಿಗೂ, ಅನುಮತಿ ಕೊಡಿ.

ಹಂತ 6: ಮೊದಲು ಕಡತ, ಆಮೇಲೆ ಎಪಿಐ

ಮೆಟ್ರೊಪಾಲಿಟನ್ ಮ್ಯೂಸಿಯಂನ ಎಪಿಐಗೆ ಕೀಲಿ (ಬಳಕೆದಾರರನ್ನು ಗುರುತಿಸುವ ಗುಪ್ತ ಸಂಕೇತ) ಬೇಡ, ಸೆಕೆಂಡಿಗೆ 80 ಕೋರಿಕೆಗಳ ಮಿತಿ ಇದೆ. ಒಂದು ಕೋರಿಕೆಗೆ ಒಂದೇ ವಸ್ತುವಿನ ವಿವರ. 4,70,000 ದಾಖಲೆ ಬೇಕೆಂದರೆ ಪೂರ್ಣ ವೇಗದಲ್ಲೂ 98 ನಿಮಿಷ. ಅದೇ ಡೇಟಾ ಗಿಟ್‌ಹಬ್‌ನಲ್ಲಿ ಒಂದೇ ಸಿಎಸ್‌ವಿ ಆಗಿಯೂ ಇದೆ. ಎಣಿಸುವವರು, ವಿಶ್ಲೇಷಿಸುವವರು, ಯಂತ್ರಕಲಿಕೆಯವರು ಎಲ್ಲರಿಗೂ ಬೇಕಾದದ್ದು ಕಡತ. ಆ್ಯಪ್ ಕಟ್ಟುವವರಿಗೆ ಮಾತ್ರ ಎಪಿಐ. 5,000 ಸಾಲುಗಳಿಗೆ ಎಪಿಐ ಇಲ್ಲದೆಯೂ ನಡೆಯುತ್ತದೆ. ಒಂದು ಸಿಎಸ್‌ವಿ, ಒಂದು ಜೇಸನ್ (ಪ್ರೋಗ್ರಾಂಗಳು ಸುಲಭವಾಗಿ ಓದುವ ಪಠ್ಯ ರೂಪ) ಸಾಕು.

ಗಿಟ್‌ಹಬ್ 100 ಮೆಗಾಬೈಟ್ ಮೀರಿದ ಕಡತವನ್ನು ಒಪ್ಪುವುದಿಲ್ಲ. ದೊಡ್ಡ ಕಡತಗಳ ಎಲ್‌ಎಫ್‌ಎಸ್ ವ್ಯವಸ್ಥೆ ಬಳಸಿದರೆ, ಝಿಪ್ ಇಳಿಸಿಕೊಂಡವರಿಗೆ ಎಷ್ಟೋ ಸಲ ಡೇಟಾ ಬದಲು ಮೂರು ಸಾಲಿನ ಸೂಚಕ ಕಡತ ಸಿಗುತ್ತದೆ. ಶತಮಾನದ ಪ್ರಕಾರವೋ ವಿಭಾಗದ ಪ್ರಕಾರವೋ ಒಡೆದು ಇಡುವುದು ವಾಸಿ.

ಎಪಿಐ ಮಾಡುವುದಾದರೆ ಮಿತಿಯನ್ನು ಅಂಕಿಯಲ್ಲೇ ಬರೆಯಿರಿ, ಮಿತಿ ಮೀರಿದಾಗ 429 (ಕೋರಿಕೆ ಹೆಚ್ಚಾಯಿತು ಎಂಬ ದೋಷಸಂಖ್ಯೆ) ಕೊಡಿ, ಎಷ್ಟು ಸೆಕೆಂಡು ಕಾಯಬೇಕೆಂಬುದನ್ನೂ ಉತ್ತರದಲ್ಲೇ ತಿಳಿಸಿ. ಎಪಿಐ ಹಿಂದೆ ಇಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ತಂತ್ರಾಂಶ ಇದ್ದರೆ ಪೂರ್ವನಿಯೋಜಿತ ಸ್ಥಿತಿಯಲ್ಲಿ 10,000 ಫಲಿತಾಂಶಗಳಾಚೆ ಪುಟ ತಿರುಗಿಸಲು ಬಿಡುವುದಿಲ್ಲ. ಪೂರ್ತಿ ಡೇಟಾ ಬೇಕಾದವರನ್ನು ಅಲ್ಲಿಗೆ ಬರುವ ಮುನ್ನವೇ ಕಡತದ ಕಡೆ ಕಳುಹಿಸಿ.

ಹಂತ 7: ವಿವರಣಾ ಕಡತ ಮತ್ತು ಆರಂಭದ ಬುತ್ತಿ

ರೀಡ್‌ಮಿ ಕಡತದ ಮೊದಲ ಪರದೆಯಲ್ಲೇ ಏನಿದೆ, ಎಷ್ಟಿದೆ, ಪರವಾನಗಿ ಯಾವುದು, ಕೊನೆಗೆ ನವೀಕರಿಸಿದ್ದು ಯಾವಾಗ, ಪ್ರಶ್ನೆ ಯಾರಿಗೆ ಎಂಬುದು ಕಾಣಲಿ. ಅದರ ಕೆಳಗೆ ಕಾಲಂಗಳ ಕೋಷ್ಟಕ: ಹೆಸರು, ಅರ್ಥ, ಒಂದು ನಿಜವಾದ ಉದಾಹರಣೆ, ಶೇಕಡಾ ಎಷ್ಟು ತುಂಬಿದೆ.

ನಂತರ ‘ಡೇಟಾದ ಕೊರತೆಗಳು’ ಎಂಬ ಭಾಗ ಬರೆಯಿರಿ. ಯಾವ ಕಾಲದಲ್ಲಿ ಯಾರು ವಿವರಣೆ ಬರೆದರು, ಯಾವ ವಿಭಾಗದ ಪಟ್ಟಿ ಅರ್ಧವಾಗಿದೆ, ಯಾವ ಹಳೆಯ ಶೀರ್ಷಿಕೆಗಳಲ್ಲಿ ಇಂದು ನೋವುಂಟುಮಾಡುವ ಪದಗಳಿವೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ. 1890ರ ದಶಕದ ವಸ್ತುಗಳು ಹೆಚ್ಚಿವೆ ಎಂದರೆ ಆ ದಶಕದಲ್ಲಿ ಹೆಚ್ಚು ಮಾಡಿದರು ಎಂದಲ್ಲ, ಒಂದೇ ದೊಡ್ಡ ದಾನ ಆ ಕಾಲದ್ದಿರಬಹುದು. ಇದು ಬಲ್ಲವರಿಗಷ್ಟೇ ಗೊತ್ತಿರುವ ಸಂಗತಿ. ಬರೆಯದಿದ್ದರೆ ಯಾರೋ ತಪ್ಪು ನಕ್ಷೆ ಬರೆದು, ಅದೇ ನಿಜವೆಂದು ಹರಡುತ್ತದೆ. ನವೀಕರಣ ನಿಲ್ಲಿಸಿದರೂ ಹೇಳಿ. ಬ್ರಿಟನ್ನಿನ ಕಲಾ ಮ್ಯೂಸಿಯಂ ಟೇಟ್ 2013ರಲ್ಲಿ ಸುಮಾರು 70,000 ಕೃತಿಗಳ ಡೇಟಾವನ್ನು ಗಿಟ್‌ಹಬ್‌ಗೆ ಹಾಕಿ, ಮುಂದೆ ನಿರ್ವಹಣೆ ನಿಲ್ಲಿಸಿದಾಗ ಅದನ್ನು ಅಲ್ಲೇ ತಿಳಿಸಿತು. ಹಾಗಾಗಿ ಇವತ್ತಿಗೂ ಅದನ್ನು ಹಳೆಯ ಚಿತ್ರಣವೆಂದು ತಿಳಿದೇ ಬಳಸಬಹುದು.

ಆರಂಭದ ಬುತ್ತಿಯಲ್ಲಿ ಮೂರು ವಸ್ತುಗಳು: 100 ಸಾಲುಗಳ ಮಾದರಿ ಕಡತ, ಆ ನೂರು ಚಿತ್ರಗಳ ಝಿಪ್, ಮತ್ತು ಚಿತ್ರಗಳನ್ನು ವರ್ಷದ ಪ್ರಕಾರ ಜೋಡಿಸಿ ತೋರಿಸುವ ಒಂದು ಪುಟ್ಟ ನೋಟ್‌ಬುಕ್ (ಕೋಡ್ ಮತ್ತು ಅದರ ಫಲಿತಾಂಶ ಒಟ್ಟಿಗೆ ಕಾಣುವ ಕಡತ). ಕೋಡ್ ಇಪ್ಪತ್ತು ಸಾಲು ದಾಟದಿರಲಿ. ಸಿದ್ಧವಾದ ಮೇಲೆ ನಿಮ್ಮ ಸಂಸ್ಥೆಗೆ ಸಂಬಂಧವಿಲ್ಲದ ಒಬ್ಬ ಡೆವಲಪರ್ ಪಕ್ಕದಲ್ಲಿ ಕುಳಿತು, ಏನೂ ಹೇಳಿಕೊಡದೆ ಗಮನಿಸಿ. ಅವರು ಎಲ್ಲಿ ಮೌನವಾಗಿ ಪರದೆಯನ್ನೇ ನೋಡುತ್ತಾರೋ ಅಲ್ಲೆಲ್ಲ ವಿವರಣೆ ತಿದ್ದಬೇಕು.

ಹಂತ 8: ಕರೆಯುವುದು

‘ನಮ್ಮ ಡೇಟಾ ಬಳಸಿ ಹೊಸತೇನಾದರೂ ಮಾಡಿ’ ಎಂಬ ಕರೆಗೆ ಉತ್ತರ ಬರುವುದಿಲ್ಲ. ನಿಮಗೇ ಉತ್ತರ ಗೊತ್ತಿಲ್ಲದ ಐದಾರು ಪ್ರಶ್ನೆಗಳನ್ನು ಮುಂದಿಡಿ. ಉದಾಹರಣೆಗೆ: ಈ 3,000 ಭಿತ್ತಿಪತ್ರಗಳಲ್ಲಿ ಬಣ್ಣಗಳು ದಶಕದಿಂದ ದಶಕಕ್ಕೆ ಹೇಗೆ ಬದಲಾದವು? ಹೆಸರಿಲ್ಲದ ಛಾಯಾಚಿತ್ರಗಳಲ್ಲಿ ಒಂದೇ ಕಟ್ಟಡ ಎಷ್ಟು ಸಲ ಬಂದಿದೆ? ಜೊತೆಗೆ ನಾಲ್ಕು ಚಿತ್ರ, ಪರವಾನಗಿ, ಮಾದರಿ ಕಡತದ ಕೊಂಡಿ ಇರಲಿ. ಕರೆಯೋಲೆ ಇಷ್ಟೇ ಸಾಕು.

ಕಾರ್ಯಕ್ರಮ ಮಾಡುವುದಾದರೆ ಆರು ವಾರ ಮೊದಲು ತಿಳಿಸಿ, ಮೂರು ವಾರ ಮೊದಲು ಡೇಟಾ ಪೂರ್ತಿ ಕೈಗೆ ಸಿಗುವಂತಿರಲಿ. ಒಂದೇ ವಾರಾಂತ್ಯದಲ್ಲಿ ಮುಗಿಸುವ ಹ್ಯಾಕಥಾನ್‌ಗಳಲ್ಲಿ ಅರ್ಧ ಸಮಯ ಡೇಟಾ ಅರ್ಥಮಾಡಿಕೊಳ್ಳುವುದರಲ್ಲೇ ಕಳೆಯುತ್ತದೆ. ಜರ್ಮನಿಯಲ್ಲಿ 2014ರಲ್ಲಿ ಶುರುವಾದ ಕೋಡಿಂಗ್ ಡಾ ವಿಂಚಿ ಎಂಬ ಹ್ಯಾಕಥಾನ್ ಬೇರೆ ದಾರಿ ಹಿಡಿಯಿತು. ಆರಂಭದ ವಾರಾಂತ್ಯದಲ್ಲಿ ಸಂಸ್ಥೆಗಳು ಡೇಟಾ ಪರಿಚಯಿಸಿ ತಂಡಗಳು ಕೂಡುವುದು, ಆಮೇಲೆ ಹಲವು ವಾರಗಳ ಕೆಲಸ, ಕೊನೆಗೆ ಪ್ರದರ್ಶನ. ಅರ್ಧ ಬೆಂದ ಮಾದರಿಗಳ ಬದಲು ಬಳಸಬಹುದಾದ ಕೆಲಸ ಬೇಕಿದ್ದರೆ ಈ ಪದ್ಧತಿಯೇ ಸರಿ.

ಆರಂಭದ ದಿನ ಸಂಗ್ರಹಪಾಲಕರು ಕೋಣೆಯಲ್ಲೇ ಇರಬೇಕು, ಭಾಷಣ ಮಾಡಿ ಹೋಗುವುದಲ್ಲ. ‘ಈ ಕಾಲಂನಲ್ಲಿ ಹೀಗೇಕಿದೆ’ ಎಂದು ಕೇಳಿದ ತಕ್ಷಣ ಉತ್ತರ ಸಿಕ್ಕರೆ ತಂಡದ ಅರ್ಧ ದಿನ ಉಳಿಯುತ್ತದೆ. ನಲವತ್ತು ಜನ ಒಟ್ಟಿಗೆ ಚಿತ್ರಗಳನ್ನು ಇಳಿಸಿಕೊಳ್ಳಲು ಹೊರಟರೆ ವೈಫೈ ಕುಸಿಯುತ್ತದೆ, ಆದ್ದರಿಂದ ಪೂರ್ತಿ ಡೇಟಾ ಇರುವ ನಾಲ್ಕೈದು ಪೆನ್‌ಡ್ರೈವ್ ಮೇಜಿನ ಮೇಲಿರಲಿ. ಬರೆದ ಕೋಡ್ ಬರೆದವರದ್ದೇ ಎಂದು ಮೊದಲೇ ಲಿಖಿತವಾಗಿ ತಿಳಿಸಿ.

ಹಂತ 9: ಬಂದ ತಿದ್ದುಪಡಿಗಳನ್ನು ಮೂಲಕ್ಕೆ ಸೇರಿಸಿ

ಬ್ರಿಟಿಷ್ ಲೈಬ್ರರಿ 2013ರ ಡಿಸೆಂಬರ್‌ನಲ್ಲಿ ಹಳೆಯ ಪುಸ್ತಕಗಳಿಂದ ಯಂತ್ರವೇ ಕತ್ತರಿಸಿದ 10 ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಫ್ಲಿಕರ್ ಎಂಬ ಚಿತ್ರ ಹಂಚುವ ತಾಣಕ್ಕೆ ಹಾಕಿದಾಗ, ಚಿತ್ರದಲ್ಲಿ ಏನಿದೆ ಎಂಬ ವಿವರವೇ ಇರಲಿಲ್ಲ. ಟ್ಯಾಗ್‌ಗಳನ್ನು ಜನರೇ ಸೇರಿಸಿದರು. ನಿಮಗೂ ಇಂಥ ಕೊಡುಗೆ ಬರುತ್ತದೆ. ಅದನ್ನು ಹಿಡಿಯಲು ಐದು ಕಾಲಂಗಳ ಒಂದು ಸಿಎಸ್‌ವಿ ನಮೂನೆ ಮೊದಲೇ ಕೊಡಿ: ವಸ್ತುವಿನ ಗುರುತು, ಕಾಲಂ, ಈಗಿರುವುದು, ಇರಬೇಕಾದದ್ದು, ಆಧಾರ. ಯಂತ್ರ ಊಹಿಸಿದ ಟ್ಯಾಗ್‌ಗಳನ್ನು ಸಂಗ್ರಹಪಾಲಕರ ವಿವರಣೆಯೊಂದಿಗೆ ಬೆರೆಸಬೇಡಿ. ಬೇರೆ ಕಡತದಲ್ಲಿ, ಯಾವ ಮಾದರಿ, ಯಾವ ದಿನಾಂಕ ಎಂಬುದರೊಂದಿಗೆ ಇಡಿ.

ಬಂದ ತಿದ್ದುಪಡಿಗಳನ್ನು ಮೂಲ ಡೇಟಾಬೇಸಿನಲ್ಲೇ ಹಾಕಬೇಕು, ಹೊರಗಿಟ್ಟ ಕಡತದಲ್ಲಲ್ಲ. ಕಡತವನ್ನಷ್ಟೇ ತಿದ್ದಿದರೆ ಮುಂದಿನ ರಫ್ತಿನಲ್ಲಿ ಹಳೆಯ ತಪ್ಪು ಮತ್ತೆ ಬಂದು, ತಿದ್ದಿಕೊಟ್ಟವರ ಶ್ರಮ ಅಳಿಸಿಹೋಗುತ್ತದೆ. ಪ್ರತಿ ಬಿಡುಗಡೆಗೂ ದಿನಾಂಕದ ಆವೃತ್ತಿ ಸಂಖ್ಯೆ, ಬದಲಾವಣೆಗಳ ಪಟ್ಟಿ, ತಿದ್ದಿದವರು ಒಪ್ಪಿದರೆ ಅವರ ಹೆಸರು ಇರಲಿ. ವಸ್ತುವೊಂದನ್ನು ಗುಚ್ಛದಿಂದ ತೆಗೆದರೆ ಅದರ ಗುರುತನ್ನು ಅಳಿಸದೆ ‘ತೆಗೆಯಲಾಗಿದೆ’ ಎಂದು ಗುರುತಿಸಿ. ಆ ಕೊಂಡಿಯ ಮೇಲೆ ಏನನ್ನೋ ಕಟ್ಟಿದವರಿಗೆ, ವಸ್ತು ಹೋದದ್ದೋ ಸರ್ವರ್ ಕೆಟ್ಟದ್ದೋ ಎಂಬುದು ಅದರಿಂದಲೇ ತಿಳಿಯುತ್ತದೆ.